ಹಕ್ಕಿನ ಕೇಸು ನಡೆಸಿದರೆ ಹೊಟ್ಟೆ ತುಂಬುತ್ತಾ?

ಓದುಗರ ಪ್ರಶ್ನೆ: ನಾನು ಹೊಸನಗರ ತಾಲೂಕಿನ ಹಳ್ಳಿಯವಳು. ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಕೊನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಕಾನೂನು ಓದುತ್ತಿರುವವಳು ನಾನೇ ಮೊದಲು. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಅದರಲ್ಲಿ ಮುಕ್ಕಾಲು ಪಾಲು ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿ. ಅದನ್ನು ಸಕ್ರಮ ಮಾಡಿ ಅಂತ ಫಾರಂ 57 ಹಾಕಿದ್ದಾರೆ. ಹೋದ ವರ್ಷ ಅರಣ್ಯ ಇಲಾಖೆಯಿಂದ ನೋಟಿಸ್ ಬಂತು. ಅಪ್ಪ ಅದನ್ನು ಹಿಡಿದುಕೊಂಡು ಕಚೇರಿ ಕಚೇರಿ ಅಲೆದಿದ್ದು ನೋಡಿದ ಮೇಲೆ ನಾಗರಿಕ ಹಕ್ಕುಗಳ ಕೇಸು ನಡೆಸುವ ವಕೀಲೆ ಆಗಬೇಕು ಅನ್ನಿಸಿದೆ. ಅಣ್ಣ 'ಸುಮ್ನೆ ಸಿವಿಲ್ ಜಡ್ಜ್ ಪರೀಕ್ಷೆ ಕಟ್ಟು' ಅನ್ನುತ್ತಾನೆ. ಮಾವ 'ಹೋರಾಟದ ವಕೀಲರಿಗೆ ಊಟಕ್ಕೂ ಗತಿ ಇರಲ್ಲ, ಸರ್ಕಾರದ ವಿರುದ್ಧ ನಿಂತರೆ ಮುಂದೆ ಸರ್ಕಾರಿ ಕೆಲಸ ಸಿಗಲ್ಲ, ಪೊಲೀಸರ ಕಣ್ಣು ಬೇರೆ ಬೀಳುತ್ತೆ' ಅನ್ನುತ್ತಾರೆ. ಈ ಕೆಲಸದಿಂದ ಬದುಕಬಹುದಾ? ಬೆಂಗಳೂರಿಗೆ ಹೋಗಲೇಬೇಕಾ? ಸನ್ನದು (ವಕೀಲಿಕೆಯ ಪರವಾನಗಿ) ಸಿಕ್ಕ ಮೇಲೆ ಅಪ್ಪನ ಕೇಸನ್ನು ನಾನೇ ನಡೆಸಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರಿದ್ದರೂ ಅಂಜಿಕೆ ಒಂದೇ. ಈ ದಾರಿ ಹಿಡಿದರೆ ಉಳಿದ ಬಾಗಿಲೆಲ್ಲ ಮುಚ್ಚಿಹೋಗುತ್ತಾ ಅನ್ನುವುದು. ಮುಚ್ಚುವುದಿಲ್ಲ. ಆದರೆ ಮೊದಲ ಕೆಲವು ವರ್ಷ ಕೈಯಲ್ಲಿ ದುಡ್ಡು ಆಡುವುದಿಲ್ಲ, ಅದೂ ನಿಜ. ನಿಮ್ಮ ಮಾವ ಹೇಳಿದ್ದರಲ್ಲಿ ಒಂದಿಷ್ಟು ಸತ್ಯ ಇದೆ, ಒಂದಿಷ್ಟು ಕಟ್ಟೆ ಪುರಾಣ. ಜೊತೆಗೆ ಅವರು ಹೇಳದೇ ಬಿಟ್ಟ ಅಪಾಯವೂ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಕೆಲಸ ಅಂದರೆ ಏನು ಅನ್ನುವುದು ಇತ್ಯರ್ಥ ಆಗಲಿ. ನಾಗರಿಕ ಹಕ್ಕಿನ ವಕೀಲರು ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಹೈಕೋರ್ಟು, ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ), ಪೇಪರಿನಲ್ಲಿ ಫೋಟೋ. ಅಂಥ ಕೇಸುಗಳ ತೂಕ ಸಣ್ಣದಲ್ಲ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಪರವಾಗಿ ಪುಷ್ಪಾ ಕಪಿಲಾ ಹಿಂಗೋರಾನಿ ಅನ್ನುವ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ಹುಸೇನಾರಾ ಖಾತೂನ್ ಕೇಸು ಅಂತ ನೀವು ಓದಿರುತ್ತೀರಿ. ನಮ್ಮ ಮಲೆನಾಡಿನದೇ ಬೇಕು ಅಂದರೆ ಕುದುರೆಮುಖ ಇದೆ. ಅರಣ್ಯ ಅಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಅರ್ಜಿಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ಆದರೆ ಪಿಐಎಲ್ ಹಾಕಲು ಆಗುವುದು ಹೈಕೋರ್ಟು, ಸುಪ್ರೀಂ ಕೋರ್ಟಿನಲ್ಲಿ ಮಾತ್ರ. ಶಿವಮೊಗ್ಗದಲ್ಲೋ ಸಾಗರದಲ್ಲೋ ಕೂತು ಹಕ್ಕಿನ ಕೆಲಸ ಮಾಡುವವರ ದಿನ ಬೇರೆ ಥರ ಇರುತ್ತದೆ. ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ಕೋರ್ಟು, ಮಧ್ಯಾಹ್ನ ತಾಲೂಕು ಕಚೇರಿ, ಸಂಜೆ ಯಾರದೋ ಹಳೇ ಪಹಣಿ ಓದುವುದು. ಇದರಲ್ಲಿ ಸಿನಿಮಾ ಏನೂ ಇಲ್ಲ. ಇದು ಬೇಡ ಅನ್ನಿಸಿದರೆ ಈಗಲೇ ಹಿಂದೆ ಸರಿಯಿರಿ, ತಪ್ಪೇನಿಲ್ಲ.

ಹತ್ತಿರದಿಂದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಇದು ಪದೇ ಪದೇ ಆಗುವ ಕಥೆ. ಒಬ್ಬ ಕೂಲಿ ಕೆಲಸದವನ ಮೇಲೆ ಅಡಿಕೆ ಕಳವಿನ ಕೇಸು. ಜಾಮೀನು ಆದೇಶ ಆಗಿದೆ. ಆದರೂ ಆಸಾಮಿ ಶಿವಮೊಗ್ಗದ ಸೋಗಾನೆ ಜೈಲಿನಲ್ಲೇ ಇದ್ದಾನೆ. ಯಾಕೆ? ಶ್ಯೂರಿಟಿ ನಿಲ್ಲುವವರ ಹೆಸರಿನಲ್ಲಿ ಪಹಣಿ ಬೇಕು. ಅವನ ನೆಂಟರೆಲ್ಲ ಬಗರ್ ಹುಕುಂ ಜಾಗದಲ್ಲಿ ಇರುವವರು. ಮನೆ ಇದೆ, ಬಾವಿ ಇದೆ, ಫಸಲು ಕೊಡುವ ತೋಟ ಇದೆ. ಪಹಣಿಯಲ್ಲಿ ಹೆಸರು ಮಾತ್ರ ಸರ್ಕಾರದ್ದು. ಪಹಣಿ ಇರುವವರು ಇವನಿಗೆ ಶ್ಯೂರಿಟಿ ನಿಲ್ಲುವುದಿಲ್ಲ. ಭೂಮಿಯ ಹಕ್ಕು ಇಲ್ಲದ್ದು ಹೀಗೆ ಜೈಲಿನ ಗೇಟಿನವರೆಗೂ ಬಂದು ನಿಲ್ಲುತ್ತದೆ. ಕಾಲೇಜಿನಲ್ಲಿ ಕಂದಾಯ ಕಾನೂನು ಬೇರೆ ಪೇಪರು, ಕ್ರಿಮಿನಲ್ ಕಾನೂನು ಬೇರೆ ಪೇಪರು. ಇಲ್ಲಿ ಎರಡೂ ಒಂದೇ ಮನೆಯ ಕಷ್ಟ.

ಇದಕ್ಕೆ ಪಿಐಎಲ್ ಬೇಡ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕಿ 7 ದಿನದಲ್ಲಿ ಹೊರಗೆ ಬರದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನುವ ಹಟದಿಂದ ಬಿಡುಗಡೆ ತಡವಾಗುತ್ತದೆ ಅಂತಲೂ ಅದರಲ್ಲಿ ಹೇಳಿದೆ. ಇದು ಗೊತ್ತಿರುವ ವಕೀಲರು ಒಂದು ಪುಟದ ಅರ್ಜಿ ಹಾಕುತ್ತಾರೆ, ಬಹಳ ಸಲ ಕೆಲಸ ಆಗುತ್ತದೆ. ಗೊತ್ತಿಲ್ಲದವರು ಮುಂದಿನ ತಾರೀಖು ತಗೊಳ್ಳುತ್ತಾರೆ. ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಕಲಂ ಕೂಡ ಹಾಗೇ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆ ಆಗಬಹುದಾದ ಅಪರಾಧಗಳಿಗೂ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸುವುದಿಲ್ಲ. ಇಂಥ ಲೆಕ್ಕವನ್ನು ಒಬ್ಬೊಬ್ಬ ಕೈದಿಗೂ ಕೂತು ಹಾಕಬೇಕು. ಹಕ್ಕಿನ ವಕೀಲಿಕೆ ಅಂತ ನಾನು ಕರೆಯುವುದು ಇದನ್ನೇ.

ಭೂಮಿ ವಿಷಯದಲ್ಲಿ ನಮ್ಮ ಜಿಲ್ಲೆಯ ಇತಿಹಾಸವೇ ಒಂದು ಪಾಠ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಹೊತ್ತಿಕೊಂಡ ಜಗಳ ಅದು. ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೆ ಒಳಗಾದರು. ಅದರ ಫಲ ಕಾನೂನಾಗಿ ಪೂರ್ತಿ ಕೈಗೆ ಬಂದಿದ್ದು 1974ರ ಮಾರ್ಚ್ 1ರಂದು, ಭೂ ಸುಧಾರಣೆಯ ತಿದ್ದುಪಡಿ ಜಾರಿಯಾದಾಗ. ಮಲೆನಾಡಿನ ಹಳೇ ತಲೆಗಳಿಗೆ ಈಗಲೂ ನೆನಪಿರುವುದು ಕಾಯ್ದೆಯ ಹೆಸರಲ್ಲ. 'ಡಿಕ್ಲರೇಷನ್ ಹಾಕಿದ್ದು', ಅಂದರೆ ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿ ಅಂತ ಗೇಣಿದಾರರು ಕೊಟ್ಟ ಅರ್ಜಿ, ಫಾರಂ 7.

ನಿಮ್ಮ ಪ್ರೊಫೆಸರು ಹೇಳಿದ್ದಾರೋ ಇಲ್ಲವೋ, ಆ ಫಾರಂ 7 ವಿಚಾರಣೆ ಮಾಡಿದ ಭೂ ನ್ಯಾಯಮಂಡಳಿಗಳ ಒಳಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಕಾಯ್ದೆಯ 48(8)ನೇ ಕಲಂ ಹಾಗೆ ಹೇಳುತ್ತಿತ್ತು. ದುಡ್ಡಿದ್ದ ಒಡೆಯ ದೊಡ್ಡ ವಕೀಲರನ್ನು ಕರೆತರುತ್ತಾನೆ, ಗೇಣಿದಾರ ಒಬ್ಬನೇ ನಿಲ್ಲಬೇಕಾಗುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ವಕೀಲರ ಕಾಯ್ದೆ ಕೇಂದ್ರದ್ದು, ರಾಜ್ಯ ಹೀಗೆ ತಡೆಯಲು ಬರುವುದಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ತೆಗೆದುಹಾಕಿತು. ಅಷ್ಟರಲ್ಲಿ ಬಹಳಷ್ಟು ಗೇಣಿದಾರರ ಹೆಸರು ಪಹಣಿಗೆ ಬಂದಾಗಿತ್ತು. ಅಂದರೆ ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ಹಕ್ಕಿನ ಬದಲಾವಣೆಯಲ್ಲಿ ಕರಿಕೋಟಿಗೆ ಮೊದಲ ಸಾಲಿನಲ್ಲಿ ಜಾಗ ಇರಲಿಲ್ಲ. ನಮ್ಮ ವೃತ್ತಿಯವರಿಗೆ ಇದನ್ನು ಆಗಾಗ ನೆನಪಿಸುವುದು ನನಗೆ ಇಷ್ಟ. ಜನ ತಾವೇ ಹಕ್ಕು ಕೇಳುತ್ತಾರೆ. ನಮ್ಮ ಕೆಲಸ ಅವರು ಕೇಳಿದ್ದು ಕಾಗದದ ತಪ್ಪಿನಿಂದ ಬಿದ್ದುಹೋಗದಂತೆ ನೋಡಿಕೊಳ್ಳುವುದು.

ಅರಣ್ಯ ಹಕ್ಕು ಕಾಯ್ದೆಯಲ್ಲೂ ಅಷ್ಟೇ. ಅರ್ಜಿ ಹೋಗುವುದು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ. ವಕೀಲರು ಬೇಕೇ ಬೇಕು ಅಂತಿಲ್ಲ. ಆದರೆ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಮಲೆನಾಡಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. 1930ರ ಕಾಗದ ತನ್ನಿ ಅನ್ನುತ್ತಾರೆ. ಆಗ ಓದು ಬರಹ ಇಲ್ಲದ ಮನೆಯಲ್ಲಿ ಯಾವ ಕಾಗದ? ನಿಯಮ ನೋಡಿದರೆ ಕಾಗದ ಒಂದೇ ಸಾಕ್ಷಿ ಅಲ್ಲ. ಹಳೇ ಬಾವಿ, ಕಟ್ಟಿದ ಏರಿ, ಸಮಾಧಿ, ಪೂಜೆ ಮಾಡುವ ಜಾಗ, ಅರ್ಜಿದಾರರಲ್ಲದ ಹಿರಿಯರ ಬರಹದ ಹೇಳಿಕೆ, ಇವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಇರಬೇಕು ಅಷ್ಟೇ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು. ಉಪವಿಭಾಗ ಸಮಿತಿಯ ತೀರ್ಮಾನದ ಮೇಲೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬಹುದು. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಅಂತ 4(5)ನೇ ಕಲಂ ಹೇಳುತ್ತದೆ. 'ದಾಖಲೆ ಇಲ್ಲ' ಅಂತ ಎರಡೇ ಪದದಲ್ಲಿ ತಿರಸ್ಕರಿಸಿದ ಹಿಂಬರಹವನ್ನು ಕೈಯಲ್ಲಿ ಹಿಡಿದು, ಇದು ನಿಲ್ಲುವುದಿಲ್ಲ ಅಂತ ಗುರುತಿಸುವ ಕಣ್ಣು ಬೇಕು. ಅಂಥ ಕಣ್ಣಿರುವ ವಕೀಲರು ತಾಲೂಕಿನಲ್ಲಿ ಕಡಿಮೆ ಇದ್ದಾರೆ. ನಿಮಗೆ ಕೆಲಸ ಇಲ್ಲಿದೆ.

ಈಗ ದುಡ್ಡಿನ ಮಾತು. ಮುಚ್ಚಿಡದೆ ಹೇಳುತ್ತೇನೆ.

ಸನ್ನದಿನ ಶುಲ್ಕ ಈಗ ತಲೆನೋವಲ್ಲ. 2024ರ ಜುಲೈನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನೋಂದಣಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಕಷ್ಟ ಶುರುವಾಗುವುದು ಜೂನಿಯರ್ ಆದ ಮೇಲೆ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ತಾಲೂಕು ಕೋರ್ಟಿನಲ್ಲಿ ಆ ಸುತ್ತೋಲೆ ತೋರಿಸಿದರೆ ಸೀನಿಯರ್ ನಕ್ಕು ಚಹಾ ಕುಡಿಸಿ ಕಳಿಸುತ್ತಾರೆ. ಬಸ್ ಖರ್ಚು ಸಿಕ್ಕರೆ ಪುಣ್ಯ. ಶಕ್ತಿ ಯೋಜನೆ ಇದೆಯಲ್ಲ ಅನ್ನಬೇಡಿ, ನಿಮ್ಮ ಊರಿನ ದಾರಿಯಲ್ಲಿ ಓಡಾಡುವುದು ಹೆಚ್ಚಿನವು ಖಾಸಗಿ ಬಸ್ಸುಗಳೇ ಅಲ್ವಾ. ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ತರಬೇತಿ ಭತ್ಯೆ ಕೊಡುತ್ತವೆ. ನಿಮಗೆ ಅನ್ವಯಿಸುತ್ತಾ ಅಂತ ಫಲಿತಾಂಶ ಬರುವ ಮುಂಚೆಯೇ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಕರೆಯುವುದು ವರ್ಷಕ್ಕೊಮ್ಮೆ, ಗೊತ್ತಾಗುವ ಹೊತ್ತಿಗೆ ಬಹಳ ಜನರ ತಾರೀಖು ಮುಗಿದಿರುತ್ತದೆ.

ಹಕ್ಕಿನ ಕೇಸುಗಳಿಂದಲೇ ಬದುಕುತ್ತೇನೆ ಅಂದರೆ ಮಾವ ಹೇಳಿದ್ದು ನಿಜವಾಗುತ್ತದೆ. ನನಗೆ ಗೊತ್ತಿರುವ, ಈ ಕೆಲಸದಲ್ಲಿ ಉಳಿದುಕೊಂಡ ವಕೀಲರೆಲ್ಲರೂ ಅನ್ನ ಕೊಡುವ ಇನ್ನೊಂದು ಕೆಲಸ ಇಟ್ಟುಕೊಂಡವರು. ಪಾಲು ದಾವೆ, ಅಪಘಾತ ಪರಿಹಾರ, ಚೆಕ್ ಬೌನ್ಸ್, ಜೀವನಾಂಶ. ಇದನ್ನು ಕೀಳಾಗಿ ನೋಡಬೇಡಿ. ಪಾಲು ದಾವೆ ನಡೆಸಿದವರಿಗೆ ಪಹಣಿ, ಮ್ಯುಟೇಷನ್, ಪೋಡಿ ಎಲ್ಲ ನೀರು ಕುಡಿದಷ್ಟು ಸಲೀಸು. ಬಗರ್ ಹುಕುಂ ಕೇಸಿಗೆ ಬೇಕಾಗುವುದೂ ಅದೇ. ಪಾಟೀ ಸವಾಲು ಮಾಡಲು ಬಾರದವರು ದೌರ್ಜನ್ಯ ಕೇಸಿನಲ್ಲಿ ನೊಂದವರ ಪರ ನಿಂತು ಏನು ಮಾಡುತ್ತಾರೆ? ಒಳ್ಳೆಯ ಮನಸ್ಸು ಇರುವ ಕೆಟ್ಟ ವಕೀಲರು ಬಡವರಿಗೆ ಮಾಡುವಷ್ಟು ನಷ್ಟ ಬೇರೆ ಯಾರೂ ಮಾಡುವುದಿಲ್ಲ. ಮಾತು ಸ್ವಲ್ಪ ಕಟುವಾಯಿತು, ಆದರೂ ಇರಲಿ.

ಇಲ್ಲಿ ಒಂದು ಆಸೆಯ ಬಗ್ಗೆ ಎಚ್ಚರ. ಕಕ್ಷಿದಾರರ ಹತ್ತಿರ ದುಡ್ಡಿರುವುದಿಲ್ಲ. 'ಜಮೀನು ಸಿಕ್ಕರೆ ನಿಮಗೂ ಹತ್ತು ಗುಂಟೆ ಬರೆದುಕೊಡ್ತೀವಿ' ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಒಪ್ಪಬೇಡಿ. ಗೆದ್ದರೆ ಇಷ್ಟು ಅಂತ ಫಲದ ಮೇಲೆ ಫೀಸು ಕಟ್ಟಿಕೊಳ್ಳುವುದು, ವ್ಯಾಜ್ಯದ ಆಸ್ತಿಯಲ್ಲಿ ಪಾಲು ಕೇಳುವುದು ಪರಿಷತ್ತಿನ ನಿಯಮಕ್ಕೆ ವಿರುದ್ಧ. ಸನ್ನದಿಗೇ ಕುತ್ತು ಬರುತ್ತದೆ. ನೂರು ರೂಪಾಯಿ ಆದರೂ ಸರಿ, ಫೀಸು ಅಂತ ತಗೊಂಡು ರಸೀದಿ ಕೊಡಿ. ಇನ್‌ಸ್ಟಾಗ್ರಾಮ್‌ನಲ್ಲಿ 'ನಿಮ್ಮ ಬಗರ್ ಹುಕುಂ ಸಮಸ್ಯೆಗೆ ಕರೆ ಮಾಡಿ' ಅಂತ ರೀಲ್ಸ್ ಹಾಕುವುದೂ ಜಾಹೀರಾತೇ. ಅದಕ್ಕೂ ಅನುಮತಿ ಇಲ್ಲ.

ಇನ್ನು ನಿಮ್ಮ ಎದುರಿನ ದಾರಿಗಳು. ಅಣ್ಣ ಹೇಳುವ ಸಿವಿಲ್ ಜಡ್ಜ್ ಪರೀಕ್ಷೆಯಿಂದಲೇ ಶುರು ಮಾಡೋಣ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಆ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು. ಕಾಲೇಜಿನಿಂದ ನೇರವಾಗಿ ಬರೆಯುವ ಕಾಲ ಹೋಯಿತು. ಹಾಗಾಗಿ ಅಣ್ಣ ತಂಗಿ ಈಗ ಜಗಳ ಆಡಬೇಕಾದ್ದೇ ಇಲ್ಲ. ಇಬ್ಬರು ಹೇಳುವ ದಾರಿಗೂ ಮೊದಲ ಮೂರು ವರ್ಷ ಒಂದೇ, ವಿಚಾರಣಾ ಕೋರ್ಟು. ಅಲ್ಲಿ ಕೆಲಸ ಕಲಿತ ಮೇಲೆ ಜಡ್ಜ್ ಆಗಬೇಕು ಅನ್ನಿಸಿದರೆ ಆಗಿ. ಪಹಣಿ ಇಲ್ಲದವನ ಶ್ಯೂರಿಟಿ ಕಷ್ಟ ಗೊತ್ತಿರುವ ಮ್ಯಾಜಿಸ್ಟ್ರೇಟ್ ಒಬ್ಬರು ಹತ್ತು ವಕೀಲರಿಗಿಂತ ಜಾಸ್ತಿ ಕೆಲಸ ಮಾಡಬಲ್ಲರು.

ಎರಡನೆಯದು ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಇವರಿಗೆಲ್ಲ ಉಚಿತ ವಕೀಲರು ಸಿಗಬೇಕು. ಪ್ಯಾನೆಲ್ ವಕೀಲರಾಗಿ ಸೇರಬಹುದು. ಕೇಸಿಗೆ ಇಷ್ಟು ಅಂತ ಕೊಡುತ್ತಾರೆ, ಕಡಿಮೆ ಕೊಡುತ್ತಾರೆ, ತಡವಾಗಿ ಕೊಡುತ್ತಾರೆ. ಇದಕ್ಕಿಂತ ಗಟ್ಟಿಯಾದದ್ದು 2022ರಲ್ಲಿ ಬಂದ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ. ಕ್ರಿಮಿನಲ್ ಕೇಸುಗಳಲ್ಲಿ ಬಡ ಆರೋಪಿಗಳ ಪರ ಪೂರ್ಣಾವಧಿ ವಕೀಲರು. ಸಹಾಯಕ ಹುದ್ದೆಗೆ ಮೂರು ವರ್ಷದವರೆಗಿನ ಅನುಭವದವರನ್ನೇ ತೆಗೆದುಕೊಳ್ಳುತ್ತಾರೆ. ತಿಂಗಳಿಗೆ ಗೌರವಧನ ಬರುತ್ತದೆ. ವಿಚಾರಣೆ ನಡೆಸಿ ನಡೆಸಿ ಕೈ ಪಳಗುತ್ತದೆ. ತೊಂದರೆಯೂ ಇದೆ. ಒಪ್ಪಂದದ ಕೆಲಸ, ಅವಧಿ ಎರಡು ವರ್ಷ, ಮುಂದುವರಿಸುವುದು ನಿಮ್ಮ ಕೈಯಲ್ಲಿಲ್ಲ. ಖಾಸಗಿ ಕೇಸು ಹಿಡಿಯುವಂತಿಲ್ಲ. ಭೂಮಿ, ಕಂದಾಯದ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನನ್ನ ಮಾತು ಕೇಳುವುದಾದರೆ ಮೊದಲು ಕಂದಾಯದ ಫೈಲೂ ಕ್ರಿಮಿನಲ್ ಫೈಲೂ ಇರುವ ಒಬ್ಬ ಸೀನಿಯರ್ ಹತ್ತಿರ ಸ್ವಲ್ಪ ಕಾಲ ಇರಿ, ಆಮೇಲೆ ಇದಕ್ಕೆ ಅರ್ಜಿ ಹಾಕಿ.

ಸಂಸ್ಥೆಗಳಲ್ಲಿ ಸಂಬಳಕ್ಕೆ ಸೇರುವುದು ಇನ್ನೊಂದು ದಾರಿ. ಪೂರ್ಣಾವಧಿ ಸಂಬಳದ ನೌಕರಿ ಮಾಡುವವರು ವಕೀಲಿಕೆ ನಡೆಸುವಂತಿಲ್ಲ. ಸನ್ನದು ಅಮಾನತಿನಲ್ಲಿ ಇಡಬೇಕಾಗುತ್ತದೆ. ಸೇರುವ ಮುಂಚೆ ಇದನ್ನು ಕೇಳಿಕೊಳ್ಳಿ. ಬಹಳ ಜನ ಕೇಳುವುದಿಲ್ಲ. ಸರ್ಕಾರಿ ಅಭಿಯೋಜಕರಾಗುವುದನ್ನೂ (ಕ್ರಿಮಿನಲ್ ಕೇಸಿನಲ್ಲಿ ಸರ್ಕಾರದ ಪರ ವಾದಿಸುವ ವಕೀಲರು) ತಳ್ಳಿಹಾಕಬೇಡಿ. ದಲಿತರ ಮೇಲಿನ ದೌರ್ಜನ್ಯದ ಕೇಸು ಗೆಲ್ಲುವುದು, ಸೋಲುವುದು ಬಹಳಷ್ಟು ಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ.

ಬೆಂಗಳೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ರಿಟ್ (ಸರ್ಕಾರದ ಕ್ರಮವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ) ಹೋಗುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಸೊರಬದವರಿಗೆ ಧಾರವಾಡ ಹತ್ತಿರ ಆದರೂ ಅಲ್ಲಿಗೆ ಹೋಗಲು ಬರುವುದಿಲ್ಲ. ಭೂ ಕಬಳಿಕೆ ವಿಶೇಷ ನ್ಯಾಯಾಲಯವೂ ಬೆಂಗಳೂರಿನಲ್ಲೇ. ಒಂದೆಕರೆ ಒತ್ತುವರಿದಾರ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಹೈಕೋರ್ಟಿನಲ್ಲಿ ಒಂದೆರಡು ವರ್ಷ ಇದ್ದರೆ ಬರವಣಿಗೆ ತಿದ್ದುತ್ತದೆ, ಖಂಡಿತ. ಆದರೆ ಮೊದಲು ಇಲ್ಲಿ ವಿಚಾರಣೆ ಕಲಿತು ಹೋದರೆ ಅಲ್ಲಿ ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಈಗ ಇ-ಫೈಲಿಂಗ್, ವಿಡಿಯೊ ವಿಚಾರಣೆ ಬಂದಿವೆ. ಇಲ್ಲೇ ಕೂತು ಅಲ್ಲಿನ ಒಬ್ಬ ವಕೀಲರ ಜೊತೆ ಸೇರಿ ರಿಟ್ ನಡೆಸಬಹುದು. ಒಮ್ಮೆ ಹೋದವರು ವಾಪಸ್ ಬರುವುದು ಅಪರೂಪ, ಅದೊಂದು ನೆನಪಿರಲಿ.

ಸರ್ಕಾರದ ವಿರುದ್ಧ ನಿಂತರೆ ಮುಂದೆ ಕೆಲಸ ಸಿಗಲ್ಲ ಅನ್ನುವುದು ಶುದ್ಧ ಕಟ್ಟೆ ಪುರಾಣ. ಕಕ್ಷಿದಾರರ ಪರ ವಾದ ಮಾಡುವುದು ವಕೀಲರ ಕೆಲಸ, ಅದು ಯಾರ ದಾಖಲೆಯಲ್ಲೂ ಕಪ್ಪು ಚುಕ್ಕೆ ಅಲ್ಲ. ತೀರ್ಥಹಳ್ಳಿ ತಾಲೂಕಿನ ಆರಗದ ಎಂ. ರಾಮಾ ಜೋಯಿಸ್ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೇ ಹೋಗಿದ್ದ ವಕೀಲರು. ಆಮೇಲೆ ಹೈಕೋರ್ಟ್ ನ್ಯಾಯಮೂರ್ತಿಯಾದರು, ಪಂಜಾಬ್–ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ರಾಜ್ಯಪಾಲರೂ ಆದರು. ಅವರ ರಾಜಕೀಯ ನಿಮಗೆ ಒಪ್ಪಿಗೆಯೋ ಇಲ್ಲವೋ, ಅದು ಬೇರೆ ಮಾತು.

ಪೊಲೀಸರ ವಿಷಯದಲ್ಲಿ ಮಾತ್ರ ಗೆರೆ ಎಲ್ಲಿದೆ ಅಂತ ಗೊತ್ತಿರಬೇಕು. ನಿಮ್ಮ ಮೇಲೆಯೇ ಎಫ್‌ಐಆರ್ ಆದರೆ ಸರ್ಕಾರಿ ನೇಮಕಾತಿಯ ಪರಿಶೀಲನೆಯಲ್ಲಿ ಅದು ಬಂದೇ ಬರುತ್ತದೆ. ಪ್ರತಿಭಟನೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಯಾವ ಕೇಸಿಗೆ ವಕಾಲತ್ತು ಹಾಕುತ್ತೀರೋ ಆ ಕೇಸಿನ ಪ್ರತಿಭಟನೆಯಲ್ಲಿ ಮೈಕ್ ಹಿಡಿಯಬೇಡಿ. ಅಲ್ಲಿ ಗಲಾಟೆಯಾಗಿ ನೀವು ಸಾಕ್ಷಿಯಾದರೆ ನಿಯಮದ ಪ್ರಕಾರ ವಕಾಲತ್ತು ಬಿಡಬೇಕು. ಆಗ ನಷ್ಟ ನಿಮ್ಮನ್ನು ನಂಬಿದವರಿಗೆ. ಕಕ್ಷಿದಾರರು ನಿಮಗೆ ಹೇಳಿದ ಗುಟ್ಟನ್ನು ಪೊಲೀಸರು ಕೇಳುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದಕ್ಕೆ ರಕ್ಷಣೆ ಕೊಡುತ್ತದೆ. ಆ ಕಲಂನ ಹೊರತುಗಳು ಬಿಟ್ಟರೆ ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ, ಕೊಟ್ಟರೂ ಎಸ್‌ಪಿ ಮಟ್ಟದ ಅಧಿಕಾರಿಯ ಒಪ್ಪಿಗೆ ಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪರಾಧಕ್ಕೆ ಕೈಜೋಡಿಸಿದರೆ ಈ ರಕ್ಷಣೆ ಇಲ್ಲ.

ಮಾವ ಹೇಳದೇ ಬಿಟ್ಟ ಅಪಾಯ ಅಂದೆನಲ್ಲ, ಅದು ಊರಿನದು. ತಾಲೂಕು ಅಂದರೆ ಎಲ್ಲರೂ ಎಲ್ಲರಿಗೂ ಬೇಕಾದವರು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಒಂದು ಕೇಸು ಹಿಡಿಯುತ್ತೀರಿ ಅಂದುಕೊಳ್ಳಿ. ನೊಂದವರಿಗೆ ಜಾಮೀನು ವಿಚಾರಣೆಯ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು ಅಂತ 15ಎ ಕಲಂ ಇದೆ. ನೀವು ಅವರ ಪರ ನಿಂತು ಜಾಮೀನಿಗೆ ತಕರಾರು ಹಾಕಿದಿರಿ. ಆರೋಪಿ ನಿಮ್ಮೂರಿನ ದೊಡ್ಡ ಮನೆಯವನು. ಸೊಸೈಟಿಯ ನಿರ್ದೇಶಕನೂ ಹೌದು. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಅಪ್ಪನ ಬೆಳೆ ಸಾಲದ ಅರ್ಜಿ ಮುಂದಿನ ಮೀಟಿಂಗಿಗೆ ಹೋಗುತ್ತದೆ. ಅಡಿಕೆ ಸುಲಿಯಲು ಬರುವ ಆಳುಗಳು ಬರುವುದಿಲ್ಲ. ಅಮ್ಮನಿಗೆ ಮದುವೆ ಮನೆಯ ಕರೆ ತಪ್ಪುತ್ತದೆ. ಹೆಣ್ಣುಮಗಳು ಅನ್ನುವ ಕಾರಣಕ್ಕೆ ನಿಮ್ಮ ಬಗ್ಗೆ ಎರಡು ಮಾತು ಹೆಚ್ಚೇ ಹುಟ್ಟುತ್ತವೆ. ಈ ಬಿಸಿಗೇ ಬಹಳ ಜನ ಒಳ್ಳೆಯ ವಕೀಲರು ಹಿಂದೆ ಸರಿದಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಇದಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಕಚೇರಿ ನಿಮ್ಮೂರಿನಲ್ಲಿ ಬೇಡ, ಶಿವಮೊಗ್ಗದಲ್ಲೋ ಸಾಗರದಲ್ಲೋ ಇರಲಿ. ಇಂಥ ಕೇಸಿನಲ್ಲಿ ಒಬ್ಬರೇ ನಿಲ್ಲಬೇಡಿ, ಇನ್ನೊಬ್ಬರ ಹೆ‍ಸರೂ ವಕಾಲತ್ತಿನಲ್ಲಿ ಇರಲಿ. ಮನೆಯವರಿಗೆ ಮೊದಲೇ ಹೇಳಿಬಿಡಿ.

ಕಡೆಯದು ಅಪ್ಪನ ಕೇಸು. ನೀವೇ ನಡೆಸಬೇಡಿ. ಮಗಳು ಅನ್ನುವ ಒಂದೇ ಕಾರಣಕ್ಕೆ ನಿಷೇಧ ಇಲ್ಲ, ನಿಜ. ಆದರೆ ಆ ತೋಟದಲ್ಲಿ ನಾಳೆ ನಿಮಗೂ ಪಾಲು ಬರಬಹುದು. ತಮ್ಮದೇ ಹಣಕಾಸಿನ ಹಿತ ಇರುವ ಕೇಸಿನಲ್ಲಿ ವಕೀಲರು ನಿಲ್ಲಬಾರದು ಅಂತ ನಿಯಮ ಇದೆ. ಮೇಲಾಗಿ ಆ ಜಾಗದಲ್ಲೇ ಹುಟ್ಟಿ ಬೆಳೆದವರು ನೀವು, ಸಾಕ್ಷಿ ಹೇಳಬೇಕಾಗಿ ಬರಬಹುದು. ಬೇರೆ ವಕೀಲರನ್ನು ಇಡಿ. ಫೈಲು ಕಟ್ಟುವ ಕೆಲಸ ನೀವು ಮಾಡಿ, ಅದಕ್ಕೆ ಸನ್ನದೂ ಬೇಡ.

ಮೊದಲು ಆ ಸರ್ವೆ ನಂಬರ್ ಕಂದಾಯದ್ದೋ ಅರಣ್ಯದ್ದೋ ಖಚಿತ ಮಾಡಿಕೊಳ್ಳಿ. ಅರಣ್ಯ ಅಂದರೆ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ 4ನೇ ಕಲಂ ಅಧಿಸೂಚನೆ ಮಾತ್ರ ಆಗಿದೆಯೋ, 17ನೇ ಕಲಂ ಕೂಡ ಆಗಿದೆಯೋ ನೋಡಿ. 4 ಅಂದರೆ ಮೀಸಲು ಅರಣ್ಯ ಮಾಡುವ ಉದ್ದೇಶ ಸಾರಿದ್ದು. ಹಕ್ಕು ಇರುವವರು ಅರಣ್ಯ ವ್ಯವಸ್ಥಾಪನಾಧಿಕಾರಿ ಮುಂದೆ ಕೇಳಿಕೊಳ್ಳಬಹುದು. 17 ಅಂದರೆ ಅದು ಮುಗಿದಂತೆ. ಜಾಗ ಅರಣ್ಯದ್ದೇ ಆಗಿದ್ದರೆ ಫಾರಂ 57ರಿಂದ ಜಾಸ್ತಿ ನಿರೀಕ್ಷೆ ಬೇಡ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಅರಣ್ಯ ಭೂಮಿ ಕೊಡಲು ಬರುವುದಿಲ್ಲ. ಶರಾವತಿ ಮುಳುಗಡೆಯವರ ಗೋಳು ಇಷ್ಟು ವರ್ಷ ಎಳೆದಿರುವುದಕ್ಕೆ ಇದೂ ಒಂದು ಕಾರಣ. ಆಗ ಉಳಿಯುವುದು ಅರಣ್ಯ ಹಕ್ಕು ಅರ್ಜಿ. ಅಜ್ಜನ ಕಾಲದ ಸಾಕ್ಷಿ ಸಿಗುತ್ತಾ ನೋಡಿ. ಜಾಗ ಕಂದಾಯದ್ದಾಗಿದ್ದರೆ ಕಥೆ ಬೇರೆ. ಜಂಟಿ ಸರ್ವೆ ಕೇಳಿ ಅರ್ಜಿ ಕೊಡಿ.

ನೋಟಿಸ್ ಬಂದು ವರ್ಷವಾಗುತ್ತಾ ಬಂತು, ಉತ್ತರ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಅದು ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಒತ್ತುವರಿ ತೆರವು ಮಾಡಿಸುವ 64ಎ ಕಲಂನ ನೋಟಿಸ್ ಆಗಿದ್ದರೆ ಆದೇಶಕ್ಕೆ ಮುಂಚೆ ನಿಮ್ಮ ಮಾತು ಕೇಳಲೇಬೇಕು. ಸುಮ್ಮನಿದ್ದರೆ ಕೇಳಲು ಏನೂ ಇರಲಿಲ್ಲ ಅಂತ ಬರೆದುಕೊಳ್ಳುತ್ತಾರೆ. ಉತ್ತರ ಹೋಗಿಲ್ಲ ಅಂದರೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಈ ವಾರವೇ ಅಪ್ಪನನ್ನು ಕರೆದುಕೊಂಡು ಹೊಸನಗರ ಕೋರ್ಟಿನ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅವರ ಆದಾಯಕ್ಕೆ ಉಚಿತ ವಕೀಲರು ಸಿಗುತ್ತಾರಾ ಕೇಳಿ. ಸಿಗದಿದ್ದರೆ ಕಂದಾಯದ ಕೇಸು ನಡೆಸುವ ಯಾರನ್ನಾದರೂ ಹಿಡಿಯಿರಿ. ಉತ್ತರವನ್ನು ಅರಣ್ಯ ಇಲಾಖೆಯ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳದೆ ಆ ಕಚೇರಿಯಿಂದ ಹೊರಗೆ ಬರಬೇಡಿ.